ಬಿಸಿಲಿಗೆ ಕುರಿಮರಿಯ ತುಪ್ಪಟ ತೆಗೀಬೇಕಾ?

ಹೋದ ಏಪ್ರಿಲ್‌ನಲ್ಲಿ ಹೆಸರಘಟ್ಟದ ಹುಲ್ಲುಗಾವಲ ಕಡೆ ಹೋಗಿದ್ವಿ, ನಡು ಮಧ್ಯಾಹ್ನ, ಸುತ್ತ ಒಂದು ಮರಾನೂ ಇಲ್ಲ, ಅಲ್ಲೊಂದು ಕುರಿಮಂದೆ ನಿಂತಿತ್ತು. ಒಂದರ ಹೊಟ್ಟೆ ಕೆಳಗೆ ಇನ್ನೊಂದು ತಲೆ ತೂರಿಸ್ಕೊಂಡು ಅಲ್ಲಾಡದೆ ನಿಂತಿದ್ವು, ಪಕ್ಕೆಗಳು ಮಾತ್ರ ಪಟಪಟ ಹೊಡ್ಕೊಳ್ತಿದ್ವು. ಜೊತೆಲಿದ್ದ ಫ್ರೆಂಡು "ಪಾಪ, ಆ ಮರಿಗಳಿಗಾದ್ರೂ ಉಣ್ಣೆ ಕತ್ತರಿಸಬಾರದಾ" ಅಂದ. ನಂಗೂ ಹಾಗೇ ಅನ್ಸಿತ್ತು, ಬೇಸಿಗೇಲಿ ಯಾರು ಸ್ವೆಟರ್ ಹಾಕ್ಕೊಳ್ತಾರೆ ಹೇಳಿ. ಆದ್ರೆ ಓದ್ತಾ ಹೋದ ಹಾಗೆ ಗೊತ್ತಾಯ್ತು, ಬಯಲಲ್ಲಿ ನಿಂತ ಕುರಿಗೆ ತುಪ್ಪಟ ಸ್ವೆಟರ್ ಅಲ್ಲ, ಕೊಡೆ.

ಆಸ್ಟ್ರೇಲಿಯಾದ ಸುಡು ಬಿಸಿಲಲ್ಲಿ ಮೆರಿನೋ ಅನ್ನೋ ದಟ್ಟ ಉಣ್ಣೆ ತಳಿಯ ಕುರಿಗಳ ಮೈ ಬಿಸಿ ಅಳೆದಿದ್ದಾರೆ, ಉಣ್ಣೆಯ ತುದಿ 80 ಡಿಗ್ರಿ ದಾಟಿದ್ರೂ ಕೆಳಗಿನ ಚರ್ಮ 42ರ ಆಸುಪಾಸಲ್ಲೇ ಇತ್ತಂತೆ. ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಶಾಖ ಒಳಗೆ ಇಳಿಯೋಕೆ ಬಿಡಲ್ಲ, ತುದಿಯ ಬಿಸಿಯನ್ನ ಬೀಸೋ ಗಾಳಿ ಅಲ್ಲಿಂದಲೇ ಎಳ್ಕೊಂಡು ಹೋಗುತ್ತೆ. ಪೂರ್ತಿ ಬೋಳಿಸಿ ಬಿಸಿಲಿಗೆ ಬಿಟ್ರೆ ಮರಿಯ ತೆಳು ಚರ್ಮಕ್ಕೆ ಆ ಬಿಸಿಲು ನೇರ ಬೀಳುತ್ತೆ, ಸುಟ್ಟ ಗಾಯ ಕೂಡ ಆಗ್ಬೋದು.

ಆದ್ರೆ ಎಳೆಗಳ ನಡುವೆ ಸಿಕ್ಕಿಕೊಂಡ ಅದೇ ಗಾಳಿ ಮೈ ಒಳಗಿನ ಬಿಸಿ ಹೊರಗೆ ಹೋಗೋದಕ್ಕೂ ಅಡ್ಡ ಬರುತ್ತೆ, ತೊಡಕಿರೋದು ಇಲ್ಲೇ. ಕುರಿ ನಮ್ಮ ಹಾಗೆ ಬೆವರಲ್ಲ, ಏದುಸಿರಲ್ಲೇ ಹೆಚ್ಚಿನ ಬಿಸಿ ಕಳೀಬೇಕು. ಆರಾಮಾಗಿದ್ದಾಗ ನಿಮಿಷಕ್ಕೆ 20-30 ಸಲ ಉಸಿರಾಡೋ ಪ್ರಾಣಿ ಸೆಕೆ ಜಾಸ್ತಿಯಾದಾಗ 100 ದಾಟುತ್ತೆ, ಆ ಉಸಿರಿಗೂ ಶಕ್ತಿ ಖರ್ಚು, ನೀರೂ ಖರ್ಚು. ಮೇವು ಕಡಿಮೆ ತಿನ್ನುತ್ತೆ, ಯಾಕಂದ್ರೆ ಹೊಟ್ಟೆಯಲ್ಲಿ ಮೇವು ಹುದುಗೋವಾಗಲೂ ಶಾಖ ಹುಟ್ಟುತ್ತೆ. ತಿನ್ನದಿದ್ರೆ ಮರಿ ತೂಕ ಹೇಗೆ ಏರಬೇಕು? ಅದಕ್ಕೇ ಶೆಡ್ಡಿನ ನೆರಳಲ್ಲಿ ಬೆಳೆಸೋ ಉಣ್ಣೆ ಮರಿಗಳಿಗೆ ಕತ್ತರಿಸಿದ್ರೆ ಉಪಯೋಗ ಇದೆ: ಉಸಿರಾಟದ ವೇಗ ಇಳಿಯುತ್ತೆ, ಬಾಯಿ ಮತ್ತೆ ಮೇವಿನ ಕಡೆ ಹೋಗುತ್ತೆ.

ನಂಗೆ ತುಂಬಾ ಹಿಡಿಸಿದ್ದು ಬೆಂಗಳೂರಿನ ಲೆಕ್ಕ. ಕುರಿಯ ಮೈ ಒಳಗಿನ ಬಿಸಿ ಸುಮಾರು 39 ಡಿಗ್ರಿ. ನಮ್ಮೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, 2016ರ ಏಪ್ರಿಲ್‌ನಲ್ಲಿ 39.2 ಮುಟ್ಟಿದ್ದೇ ದೊಡ್ಡ ಸುದ್ದಿ ಆಗಿತ್ತು. ಅಂದ್ರೆ ಇಲ್ಲಿ ಹೆಚ್ಚುಕಮ್ಮಿ ಎಲ್ಲಾ ದಿನವೂ ಗಾಳಿ ಕುರಿಯ ಮೈಗಿಂತ ತಣ್ಣಗಿರುತ್ತೆ, ನೆರಳೊಂದಿದ್ರೆ ಕತ್ತರಿಸಿದ ಮೈಯಿಂದ ಶಾಖ ಹೊರಗೇ ಹರಿಯುತ್ತೆ. ರಾಯಚೂರು, ಕಲಬುರಗಿ ಕಡೆ 40 ದಾಟಿದ ದಿನ ಗಾಳಿಯೇ ಮೈಗಿಂತ ಬಿಸಿ, ಅಲ್ಲಿ ಕತ್ತರಿಯಿಂದ ಇಷ್ಟು ಲಾಭ ಸಿಗಲ್ಲ.

ಇಲ್ಲಿನ ಅಪಾಯ ಸಂಜೆ ಮಳೆ. ಏಪ್ರಿಲ್-ಮೇ ತಿಂಗಳಲ್ಲಿ ಮಧ್ಯಾಹ್ನ ಬೇಯಿಸಿ ಸಂಜೆಗೆ ಗುಡುಗಿ ಆಲಿಕಲ್ಲು ಸುರಿಯೋದು ನಮಗೆಲ್ಲ ಗೊತ್ತು, ಆಗಷ್ಟೇ ಬೋಳಿಸಿದ ಕುರಿಗೆ 25 ಡಿಗ್ರಿ ಆಸುಪಾಸಲ್ಲೇ ಚಳಿ ಶುರುವಾಗುತ್ತೆ, ಮೈ ಬೆಚ್ಚಗಿಟ್ಟುಕೊಳ್ಳೋಕೆ ತಿಂದಿದ್ದನ್ನೇ ಸುಡಬೇಕು. ಒದ್ದೆಯಾಗಿ ಗಾಳಿಗೆ ನಿಂತ್ರೆ ಎಳೇ ಮರಿ ಸತ್ತೂ ಹೋಗ್ಬೋದು. ಬೇಸಿಗೇಲಿ ಕುರಿ ಚಳಿಗೆ ಸಾಯ್ಬೋದು ಅನ್ನೋದನ್ನ ನಾನಂತೂ ಯೋಚಿಸಿರಲಿಲ್ಲ.

ಇದು ಎಲ್ಲಾ ತಳಿಗೂ ಒಂದೇ ಅಲ್ಲ ಬಿಡಿ. ಬಂಡೂರು ಕುರಿಗೆ ಉಣ್ಣೆಯೇ ಅಷ್ಟಿಲ್ಲ, ಪ್ರಶ್ನೆ ಬರೋದು ಡೆಕ್ಕನಿ, ಬಳ್ಳಾರಿ ತರದ ಕಂಬಳಿ ಉಣ್ಣೆಯ ಕುರಿಗಳಿಗೆ. ಆಡುಗೋಡಿಯಲ್ಲಿರೋ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯವರು ಕುರಿ ಮೇಕೆಗಳನ್ನ ಬಿಸಿ ಕೋಣೆಗಳಲ್ಲಿಟ್ಟು ಸೆಕೆ ಹೇಗೆ ತಡ್ಕೊಳ್ತವೆ ಅಂತ ಅಧ್ಯಯನ ಮಾಡ್ತಾ ಬಂದಿದ್ದಾರೆ, ಟ್ರಾಫಿಕ್ಕಲ್ಲಿ ಆ ಗೇಟಿನ ಮುಂದೆ ಎಷ್ಟು ಸಲ ನಿಂತಿದೀನೋ, ಒಳಗೆ ಇಂಥ ಕೆಲಸ ನಡೆಯುತ್ತೆ ಅಂತ ಗೊತ್ತೇ ಇರಲಿಲ್ಲ.

ಶೆಡ್ಡು ಇರೋರು ಕತ್ತರಿಸಿ, ಆದ್ರೆ ಚರ್ಮ ಕಾಣೋ ಹಾಗೆ ಬೋಳಿಸ್ಬೇಡಿ, ಒಂದಿಷ್ಟು ಉಣ್ಣೆ ಉಳಿಸಿ, ತಂಪು ಹೊತ್ತಲ್ಲಿ ಮಾಡಿ, ಮೊದಲ ಕೆಲವು ದಿನ ಮಳೆಗಾಳಿಗೆ ಬಿಡಬೇಡಿ. ಬಯಲಲ್ಲೇ ಮೇಯಿಸೋರು ಕತ್ತರಿ ಹುಡುಕೋ ಮುಂಚೆ ಮರವೋ ಶೇಡ್‌ನೆಟ್ಟೋ ಹುಡುಕ್ಲಿ. ಕುಡಿಯೋಕೆ ನೀರು ಯಾವಾಗಲೂ ಇರಲಿ, ಹೆಚ್ಚಿನ ಮೇವು ಸಂಜೆ ಮೇಲೆ ಹಾಕಿ, ಹುದುಗೋ ಶಾಖ ರಾತ್ರಿ ತಂಪಿಗೆ ಹೋಗುತ್ತೆ.