ಮೂಳೆಯೊಳಗಿನ ಕೊಬ್ಬು: ದೇಹ ಹಸಿದಾಗ ಇದು ಹೆಚ್ಚುವುದೇಕೆ?

ಸಾರಿನಲ್ಲಿ ಬೆಂದ ನಲ್ಲಿ ಮೂಳೆಯನ್ನು ತಟ್ಟೆಯ ಅಂಚಿಗೆ ಕುಟ್ಟಿದಾಗ ಜಾರಿ ಬೀಳುವ ಮೆತ್ತನೆಯ ತಿರುಳನ್ನು ನೆನಪಿಸಿಕೊಳ್ಳಿ. ಅದರಲ್ಲಿ ಬಹುಪಾಲು ಕೊಬ್ಬು. ನಮ್ಮ ಕೈಕಾಲುಗಳ ಉದ್ದ ಮೂಳೆಗಳ ಒಳಗೂ ಇರುವುದು ಅದೇ. ಹುಟ್ಟಿದಾಗ ಮಜ್ಜೆಯೆಲ್ಲ ಹೆಚ್ಚುಕಡಿಮೆ ಕೆಂಪು, ರಕ್ತಕಣ ತಯಾರಿಸುವ ಮಜ್ಜೆ. ಬೆಳೆಯುತ್ತಾ ಹೋದಂತೆ ಅದು ಕೈಬೆರಳು ಕಾಲ್ಬೆರಳುಗಳ ಕಡೆಯಿಂದ ಒಳಮುಖವಾಗಿ ಹಳದಿಯಾಗುತ್ತದೆ, ಅಂದರೆ ಕೊಬ್ಬು ತುಂಬಿಕೊಳ್ಳುತ್ತದೆ. ಸುಮಾರು 25ರ ವಯಸ್ಸಿಗೆ ಕೆಂಪು ಮಜ್ಜೆ ಮುಖ್ಯವಾಗಿ ಬೆನ್ನೆಲುಬು, ಸೊಂಟ, ಎದೆಮೂಳೆ, ಪಕ್ಕೆಲುಬುಗಳಲ್ಲಿ ಉಳಿಯುತ್ತದೆ. ಆರೋಗ್ಯವಂತ ವಯಸ್ಕರ ಮಜ್ಜೆಯ ಗಾತ್ರದಲ್ಲಿ ಅರ್ಧಕ್ಕಿಂತ ಹೆಚ್ಚು, ಶೇ 70ರವರೆಗೂ, ಕೊಬ್ಬೇ ಇರಬಹುದು. ತೆಳ್ಳಗಿನವರಲ್ಲಿ ದೇಹದ ಒಟ್ಟು ಕೊಬ್ಬಿನ ಸುಮಾರು ಹತ್ತನೇ ಒಂದು ಭಾಗ ಹೀಗೆ ಮೂಳೆಯೊಳಗೆ ಅಡಗಿರುತ್ತದೆ.

ಪ್ರಯೋಗಾಲಯದಲ್ಲಿ ಮಜ್ಜೆಯ ಸ್ಲೈಡನ್ನು ಮೊದಲ ಸಲ ನೋಡಿದಾಗ ನನಗೆ ಕಂಡದ್ದು ಬರೀ ತೂತುಗಳು. ನೇರಳೆ, ಗುಲಾಬಿ ಬಣ್ಣದ ಕಣಗಳ ನಡುವೆ ದುಂಡನೆಯ ಬಿಳಿ ಖಾಲಿ ಜಾಗಗಳು. ಸ್ಲೈಡ್ ತಯಾರಿಸುವಾಗ ಬಳಸುವ ಆಲ್ಕೋಹಾಲ್ ಮತ್ತು ಕ್ಸೈಲೀನ್ ಕೊಬ್ಬನ್ನು ಕರಗಿಸಿಬಿಡುತ್ತವೆ, ಉಳಿಯುವುದು ಕೋಶದ ಹೊರಗೆರೆ ಮಾತ್ರ. ಸಂಶೋಧಕರು ಕೂಡ ಬಹಳ ಕಾಲ ಈ ಕೊಬ್ಬನ್ನು ಖಾಲಿ ಜಾಗ ತುಂಬಿಸುವ ಸರಕು ಎಂದೇ ಭಾವಿಸಿದ್ದರು. ಈ ವಿಷಯದ ಸ್ವಾರಸ್ಯವೆಲ್ಲ ಆ ತೂತುಗಳಲ್ಲೇ ಇದೆ ಎಂದು ನನಗೆ ಅನಿಸುತ್ತದೆ.

ಮೊದಲು ಇದನ್ನು ಗಟ್ಟಿ ಮಾಡಿಕೊಳ್ಳಿ: ಮೂಳೆ ಕಟ್ಟುವ ಆಸ್ಟಿಯೋಬ್ಲಾಸ್ಟ್ ಮತ್ತು ಮಜ್ಜೆಯ ಕೊಬ್ಬಿನ ಕೋಶ, ಎರಡೂ ಒಂದೇ ಆಕರಕೋಶದ (ಸ್ಟೆಮ್ ಸೆಲ್) ಮಕ್ಕಳು. ಆ ಕೋಶದಲ್ಲಿ ರನ್ಕ್ಸ್2 ಎಂಬ ಪ್ರೋಟೀನ್ ಮೇಲುಗೈ ಪಡೆದರೆ ಅದು ಮೂಳೆಯ ದಾರಿ ಹಿಡಿಯುತ್ತದೆ. ಪಿಪಿಎಆರ್-ಗಾಮಾ ಎಂಬ ಇನ್ನೊಂದು ಪ್ರೋಟೀನ್ ಮೇಲುಗೈ ಪಡೆದರೆ ಕೊಬ್ಬಿನ ದಾರಿ. ವಯಸ್ಸಾದಂತೆ ತಕ್ಕಡಿ ಕೊಬ್ಬಿನ ಕಡೆಗೆ ವಾಲುತ್ತದೆ. ಔಷಧಿಯೂ ಅದನ್ನು ವಾಲಿಸಬಲ್ಲದು. ಮಧುಮೇಹಕ್ಕೆ ಕೊಡುವ ಗ್ಲಿಟಾಜೋನ್ ಗುಂಪಿನ ಮಾತ್ರೆಗಳು ಕೆಲಸ ಮಾಡುವುದೇ ಪಿಪಿಎಆರ್-ಗಾಮಾವನ್ನು ಚುರುಕುಗೊಳಿಸುವ ಮೂಲಕ. ಆ ಗುಂಪಿನ ರೋಸಿಗ್ಲಿಟಾಜೋನ್ ಸೇವಿಸಿದ ಮಹಿಳೆಯರಲ್ಲಿ ಕೈಕಾಲಿನ ಮೂಳೆ ಮುರಿತ ಹೆಚ್ಚಿದ್ದು 2006ರ ಕೊನೆಗೆ ಪ್ರಕಟವಾದ ಅಡಾಪ್ಟ್ ಎಂಬ ಔಷಧ ಪ್ರಯೋಗದಲ್ಲಿ ಬೆಳಕಿಗೆ ಬಂತು. ಒಂದು ಆಕರಕೋಶದ ಆಯ್ಕೆ ರೋಗಿಯ ಪ್ಲಾಸ್ಟರ್‌ವರೆಗೆ ಹೇಗೆ ಬಂದು ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ.

ಈಗ ಒಗಟಿಗೆ ಬರೋಣ. ಊಟ ಕಡಿಮೆಯಾದರೆ ಹೊಟ್ಟೆಯ, ತೊಡೆಯ ಕೊಬ್ಬು ಕರಗುತ್ತದೆ. ಆದರೆ ದಪ್ಪಗಾಗುವ ಭಯದಿಂದ ಊಟ ಬಿಡುವ ಅನೊರೆಕ್ಸಿಯಾ ನರ್ವೋಸಾ ಎಂಬ ಮನೋರೋಗದಿಂದ ಎಲುಬಿನ ಹಂದರದಂತಾದ ಯುವತಿಯರ ಮಜ್ಜೆಯಲ್ಲಿ ಕೊಬ್ಬು ಆರೋಗ್ಯವಂತರಿಗಿಂತ ಹೆಚ್ಚಿರುತ್ತದೆ, ಮೂಳೆ ಸಾಂದ್ರತೆ ಕಡಿಮೆ ಇರುತ್ತದೆ. ದೇಹವೆಲ್ಲ ಉಪವಾಸ ಬಿದ್ದಿರುವಾಗ ಮೂಳೆ ಕೊಬ್ಬನ್ನು ಕೂಡಿಡುತ್ತದೆ! ಹಾಗಾದರೆ ಇದು ಕಷ್ಟಕಾಲಕ್ಕೆಂದು ಇಟ್ಟ ಸಾಮಾನ್ಯ ಕಣಜವಲ್ಲ. ಇದಕ್ಕೆ ಹೊಂದಿಕೊಂಡಂತೆ ಇನ್ನೊಂದು ಸಂಗತಿ ಇದೆ. ಅಡಿಪೊನೆಕ್ಟಿನ್ ಎಂಬ ಹಾರ್ಮೋನನ್ನು ತಯಾರಿಸುವುದು ಕೊಬ್ಬಿನ ಕೋಶಗಳು, ಆದರೂ ರಕ್ತದಲ್ಲಿ ಅದು ಹೆಚ್ಚಾಗಿರುವುದು ತೆಳ್ಳಗಿನವರಲ್ಲಿ. ಕಾರ್ಖಾನೆ ಚಿಕ್ಕದಾದಷ್ಟೂ ಸರಕು ಹೆಚ್ಚುವುದು ಹೇಗೆ? 2014ರ ಒಂದು ಅಧ್ಯಯನ ಉತ್ತರದ ಒಂದು ಭಾಗವನ್ನು ಕೊಟ್ಟಿತು: ಆಹಾರ ಕಡಿತಗೊಳಿಸಿದಾಗ ಏರುವ ಅಡಿಪೊನೆಕ್ಟಿನ್‌ನಲ್ಲಿ ಮಜ್ಜೆಯ ಕೊಬ್ಬಿನದೂ ಪಾಲಿದೆ. ಅಂದರೆ ಆ ಬಿಳಿ ತೂತುಗಳು ದೇಹದ ಉಳಿದ ಭಾಗಗಳಿಗೆ ಸಂದೇಶ ಕಳಿಸುತ್ತಿವೆ.

ಮೂಳೆಯೂ ಹಾರ್ಮೋನ್ ಕಳಿಸುತ್ತದೆ, ಆಸ್ಟಿಯೋಕ್ಯಾಲ್ಸಿನ್ ಎಂಬ ಆ ಹಾರ್ಮೋನ್ ಇನ್ಸುಲಿನ್ ಸ್ರವಿಕೆಯನ್ನು ಹೆಚ್ಚಿಸುತ್ತದೆ ಎಂದು ಹಲವು ಪುಸ್ತಕಗಳಲ್ಲಿ ಓದುತ್ತೀರಿ. 2007ರಲ್ಲಿ ಇಲಿಗಳಲ್ಲಿ ಕಂಡ ಸಂಗತಿ ಅದು. ಆದರೆ 2020ರಲ್ಲಿ ಎರಡು ಪ್ರತ್ಯೇಕ ತಂಡಗಳು ಆಸ್ಟಿಯೋಕ್ಯಾಲ್ಸಿನ್ ಇಲ್ಲದ ಇಲಿಗಳನ್ನು ಸೃಷ್ಟಿಸಿ ನೋಡಿದಾಗ ಸಕ್ಕರೆ ಮಟ್ಟದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ನೀವು ವಿದ್ಯಾರ್ಥಿಗಳಾಗಿದ್ದರೆ ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಎರಡನ್ನೂ ಬರೆಯಿರಿ.

ಇನ್ನು ಬೊಜ್ಜು. ನನ್ನ ಸೋದರತ್ತೆಗೆ ಹದಿನೈದು ವರ್ಷಗಳಿಂದ ಮಧುಮೇಹವಿದೆ, ಮೈಯೂ ಭಾರ. ಬಸ್ಸಿನ ಕೊನೆಯ ಮೆಟ್ಟಿಲಿನಿಂದ ಇಳಿಯುವಾಗ ಕಾಲು ತಿರುಚಿ ಹರಡಿನ ಹತ್ತಿರ ಮೂಳೆ ಮುರಿಯಿತು. ಮೂಳೆ ಸಾಂದ್ರತೆಯ ಸ್ಕ್ಯಾನ್ ಮಾಡಿಸಿದರೆ ಟಿ-ಸ್ಕೋರ್ (ಆರೋಗ್ಯವಂತ ಯುವ ವಯಸ್ಕರ ಮೂಳೆಯೊಂದಿಗೆ ಹೋಲಿಸಿ ಕೊಡುವ ಅಂಕ) ಚೆನ್ನಾಗಿಯೇ ಇತ್ತು. ‘ಮೂಳೆ ಗಟ್ಟಿ ಇದೆಯಂತೆ, ಮತ್ತೆ ಮುರಿದದ್ದೇಕೆ?’ ಎಂದು ಅವರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಈ ಟಿಪ್ಪಣಿ ಆರಂಭವಾದದ್ದೇ ಅಲ್ಲಿಂದ.

ಭಾರ ಹೊತ್ತ ಮೂಳೆ ದಪ್ಪವಾಗುತ್ತದೆ, ಮುಟ್ಟು ನಿಂತ ಮೇಲೆ ಕೊಬ್ಬಿನ ಅಂಗಾಂಶದಲ್ಲೇ ಸ್ವಲ್ಪ ಈಸ್ಟ್ರೋಜೆನ್ ತಯಾರಾಗುತ್ತದೆ. ಹಾಗಾಗಿ ಸಾಂದ್ರತೆಯ ಅಂಕಿ ಏರುತ್ತದೆ. ಬಿದ್ದಾಗ ಸೊಂಟದ ಸುತ್ತಲಿನ ಕೊಬ್ಬು ದಿಂಬಿನಂತೆ ಕಾಯುತ್ತದೆ. ಹರಡಿಗೆ ಆ ದಿಂಬಿಲ್ಲ, ಇಡೀ ದೇಹದ ಭಾರ ತಿರುಚಿ ಬೀಳುವುದು ಅದರ ಮೇಲೆ. ಬೊಜ್ಜಿರುವ ಮಹಿಳೆಯರಲ್ಲಿ ಹರಡಿನ ಮುರಿತ ಹೆಚ್ಚು ಎಂಬುದು ದೊಡ್ಡ ಸಮೀಕ್ಷೆಗಳಲ್ಲೂ ಕಂಡಿದೆ. ಹೊಟ್ಟೆಯೊಳಗಿನ ಕೊಬ್ಬು ಉರಿಯೂತದ ಸಂಕೇತಗಳನ್ನು ಹೊರಬಿಡುತ್ತದೆ, ಅವು ಮೂಳೆ ಸವೆಸುವ ಆಸ್ಟಿಯೋಕ್ಲಾಸ್ಟ್‌ಗಳನ್ನು ಕೆರಳಿಸುತ್ತವೆ. ಇದರ ಮೇಲೆ ಮಧುಮೇಹ ಸೇರಿದರೆ ಹೆಚ್ಚುವರಿ ಸಕ್ಕರೆ ಮೂಳೆಯ ಕೊಲಾಜೆನ್ ಎಳೆಗಳಿಗೆ ಅಂಟಿ ಅವನ್ನು ಪೆಡಸಾಗಿಸುತ್ತದೆ. ಸ್ಕ್ಯಾನ್ ಅಳೆಯುವುದು ಖನಿಜವನ್ನು, ಆ ಎಳೆಗಳ ಬಾಗುವ ಗುಣವನ್ನಲ್ಲ.

ನಮ್ಮವರ ಮಟ್ಟಿಗೆ ತೂಕದ ಅಂಕಿಯೂ ಅರ್ಧ ಸತ್ಯವೇ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಫೋಟೊವನ್ನೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ, 22.3. ದೇಹದ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ಭಾರತೀಯರಿಗೆ ಬೊಜ್ಜಿನ ಗಡಿಯನ್ನು 30ರ ಬದಲು 25ಕ್ಕೆ ಇಳಿಸಿದ್ದರ ಹಿಂದೆ ಇರುವುದು ಇಂಥ ವ್ಯತ್ಯಾಸಗಳೇ.

ತೂಕ ಇಳಿಸಿದರೆ ಮೂಳೆಗೆ ಒಳ್ಳೆಯದಾಗುತ್ತದೆಯೇ? ಮಧುಮೇಹಕ್ಕೆ ಒಳ್ಳೆಯದು, ಮೂಳೆಗೆ ಮಾತ್ರ ಅದು ನಷ್ಟದ ಸಮಯ. 2017ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪ್ರಯೋಗದಲ್ಲಿ 65 ದಾಟಿದ, ಬೊಜ್ಜಿರುವ 160 ಜನರು ಆರು ತಿಂಗಳು ಭಾಗವಹಿಸಿದ್ದರು. ಪಥ್ಯದೊಂದಿಗೆ ನಡಿಗೆಯಂಥ ವ್ಯಾಯಾಮವನ್ನಷ್ಟೇ ಮಾಡಿದವರ ಸೊಂಟದ ಮೂಳೆ ಸಾಂದ್ರತೆ ಸುಮಾರು ಶೇ 3ರಷ್ಟು ಕುಸಿಯಿತು. ಭಾರ ಎತ್ತುವ ವ್ಯಾಯಾಮವಿದ್ದ ಗುಂಪುಗಳಲ್ಲಿ ಕುಸಿತ ಶೇ 1ರ ಆಸುಪಾಸಿನಲ್ಲೇ ನಿಂತಿತು. ಅತ್ತೆ ಈಗ ಸಂಜೆಯ ನಡಿಗೆಯ ಜೊತೆಗೆ ಕುರ್ಚಿಯಿಂದ ಕೈಯೂರದೆ ಹತ್ತು ಸಲ ಏಳುತ್ತಾರೆ, ಎರಡು ಲೀಟರಿನ ನೀರಿನ ಬಾಟಲಿಗಳನ್ನು ಎರಡೂ ಕೈಯಲ್ಲಿ ಹಿಡಿದು.