ಚಿಪ್ಪನ್ನೇ ಟೋಪಿ ಮಾಡಿಕೊಂಡ ಜೀರುಂಡೆ

ಜಪಾನಿನ ಕಾಡುಗಳಲ್ಲಿ ಒಂದು ಕಪ್ಪು ಜೀರುಂಡೆ ಇದೆ. ಅಲ್ಲಿನವರು ಅದನ್ನು ಮೈಮೈಕಬುರಿ ಅನ್ನುತ್ತಾರೆ. 'ಮೈಮೈ' ಅಂದರೆ ಬಸವನಹುಳು, 'ಕಬುರಿ' ಅಂದರೆ ತಲೆಗೆ ತೊಡುವುದು. ಬಸವನಹುಳುವಿನ ಚಿಪ್ಪಿನೊಳಗೆ ಕತ್ತಿನ ತನಕ ತಲೆ ತೂರಿಸಿ ತಿನ್ನುತ್ತಾ ಕೂತಿದ್ದರೆ ಚಿಪ್ಪಿನ ಟೋಪಿ ಹಾಕಿಕೊಂಡ ಹಾಗೇ ಕಾಣುತ್ತದೆ. ಹೆಸರಿಟ್ಟವರು ಕಣ್ಣಿಟ್ಟು ನೋಡಿಯೇ ಇಟ್ಟಿದ್ದಾರೆ.

ಮಲೆನಾಡಿನ ಓದುಗರಿಗೆ ಒಂದು ಮಾತು. ಜೀರುಂಡೆ ಅಂದ ತಕ್ಷಣ ಮರದ ಮೇಲೆ ಕೂತು ಕಿವಿ ಕಿವುಡಾಗುವಂತೆ ಕಿರುಚುವ ಹುಳ ನೆನಪಾಗುತ್ತದೆ, ಅಲ್ವಾ? ಇದು ಅದಲ್ಲ. ಮೈಮೇಲೆ ಗಟ್ಟಿ ಕವಚ ಹೊತ್ತ ಹುಳಗಳಿಗೂ ಕನ್ನಡದಲ್ಲಿ ಅದೇ ಹೆಸರು, ಏನು ಮಾಡುವುದು. ನಮ್ಮ ಈ ಹುಳ ಮರದ್ದಲ್ಲ, ನೆಲದ್ದು. ಹಗಲು ಬಿದ್ದ ಮರದ ಅಡಿಯಲ್ಲೋ ತರಗೆಲೆಯ ಒಳಗೋ ಅಡಗಿರುತ್ತದೆ. ರಾತ್ರಿ ಹೊರಗೆ ಬಂದು ಬೇಟೆಗೆ ನಡೆಯುತ್ತದೆ. ನಡೆಯಲೇಬೇಕು, ಯಾಕೆಂದರೆ ಅದಕ್ಕೆ ಹಾರಲು ಬರುವುದಿಲ್ಲ.

ಜೀರುಂಡೆಗಳಿಗೆ ಎರಡು ಜೊತೆ ರೆಕ್ಕೆ. ಮುಂದಿನ ಜೊತೆ ಗಟ್ಟಿಯಾಗಿ ಕವಚವಾಗಿರುತ್ತದೆ. ಹಾರುವ ಕೆಲಸ ಅದರಡಿ ಮಡಿಸಿಟ್ಟ ತೆಳು ರೆಕ್ಕೆಗಳದ್ದು. ಮೈಮೈಕಬುರಿಯಲ್ಲಿ ಎರಡು ಕವಚಗಳೂ ಬೆನ್ನಿನ ನಡುವೆ ಬೆಸೆದುಕೊಂಡಿವೆ, ಬಿಚ್ಚುವುದೇ ಇಲ್ಲ. ಒಳಗಿನ ರೆಕ್ಕೆ ಸವೆದು ಹೆಸರಿಗಷ್ಟೇ ಉಳಿದಿದೆ. ಇದೇನು ದೊಡ್ಡ ನಷ್ಟವಲ್ಲ. ಹಾರುವ ಸ್ನಾಯು ಬೆಳೆಸುವುದಕ್ಕೆ, ಸಾಕುವುದಕ್ಕೆ ತುಂಬ ಶಕ್ತಿ ಬೇಕು. ಊಟ, ನೆರಳು, ತೇವ ಎಲ್ಲವೂ ಕಾಲಬುಡದಲ್ಲೇ ಇರುವ ಹಳೆಯ ಕಾಡಿನಲ್ಲಿ ಆ ಖರ್ಚು ಯಾತಕ್ಕೆ? ಬೆಸೆದ ಕವಚ ಮೈಯನ್ನು ಒಣಗದಂತೆ ಕಾಯುತ್ತದೆ, ಕಚ್ಚಲು ಬಂದವರಿಗೂ ಅದು ಸುಲಭದ ತುತ್ತಲ್ಲ.

ಉದ್ದ ಸುಮಾರು 3ರಿಂದ 6 ಸೆಂಟಿಮೀಟರ್. ಉದ್ದ ಕಾಲು, ಉದ್ದ ಮೀಸೆ, ತುದಿಯಲ್ಲಿ ಚೂಪಾಗುವ ಕವಚ. ಆದರೆ ಕಣ್ಣಿಗೆ ಹೊಡೆಯುವುದು ತಲೆ ಮತ್ತು ಎದೆ. ಯಾರೋ ಎರಡು ಬೆರಳಲ್ಲಿ ಹಿಡಿದು ಎಳೆದಂತೆ ಸಣ್ಣಗೆ, ಉದ್ದಕ್ಕೆ ಇವೆ. ಬಸವನಹುಳು ಚಿಪ್ಪಿನೊಳಗೆ ಎಷ್ಟೇ ಹಿಂದೆ ಸರಿದರೂ ಈ ತಲೆ ಹಿಂದೆಯೇ ಹೋಗುತ್ತದೆ. ದವಡೆಯಿಂದ ಕಚ್ಚಿ, ಜೀರ್ಣರಸ ಸುರಿಸಿ, ಮಾಂಸ ಮೆತ್ತಗಾದ ಮೇಲೆ ಹೀರಿಕೊಳ್ಳುತ್ತದೆ. ಊಟ ಅರ್ಧ ಹೊರಗೇ ಅರಗಿರುತ್ತದೆ ಅನ್ನಿ. ಮರಿಹುಳುವಿನ ಆಹಾರವೂ ಬಸವನಹುಳುವೇ. ಅದು ಚಿಪ್ಪಿನೊಳಗೆ ಪೂರ್ತಿ ನುಗ್ಗಿಬಿಡುತ್ತದೆ. ಕೆಣಕಿದರೆ ದೊಡ್ಡ ಜೀರುಂಡೆ ಹಿಂಭಾಗದಿಂದ ಆಮ್ಲ ಚಿಮ್ಮಿಸುತ್ತದೆ. ಕಣ್ಣಿಗೆ ಬಿದ್ದರೆ ಉರಿ ತಡೆಯಲಾಗದು.

ಜಪಾನಿನ ಪಶ್ಚಿಮ ಕರಾವಳಿಯಾಚೆ ಸಾಡೊ ಅನ್ನುವ ದ್ವೀಪವಿದೆ. ಅಲ್ಲಿಯೂ ಇದೇ ಜಾತಿಯ ಜೀರುಂಡೆ ಇದೆ, ತಲೆ ಮಾತ್ರ ಬೇರೆ. ದಪ್ಪ, ಗಿಡ್ಡ, ಗಟ್ಟಿ ದವಡೆ. ಅದು ಚಿಪ್ಪಿನ ಬಾಗಿಲಿನಿಂದ ಒಳಗೆ ಹೋಗುವುದಕ್ಕಿಂತ ಗೋಡೆ ಒಡೆಯುವುದರಲ್ಲಿ ಗಟ್ಟಿಗ. ಕೊನುಮಾ ಮತ್ತು ಚಿಬಾ ಎಂಬ ವಿಜ್ಞಾನಿಗಳು 2007ರಲ್ಲಿ ಇದರ ಲೆಕ್ಕ ಬಿಡಿಸಿದರು. ದವಡೆಗೆ ಬಲ ಬೇಕಾದರೆ ತಲೆಯಲ್ಲಿ ಸ್ನಾಯು ಜಾಸ್ತಿ ಇರಬೇಕು, ಅಂದರೆ ತಲೆ ದಪ್ಪವಾಗಬೇಕು. ದಪ್ಪ ತಲೆ ಚಿಪ್ಪಿನ ಬಾಯಲ್ಲಿ ಹಿಡಿಸುವುದಿಲ್ಲ. ಸಣ್ಣ ತಲೆ ಹಿಡಿಸುತ್ತದೆ, ಆದರೆ ಅದಕ್ಕೆ ಚಿಪ್ಪು ಒಡೆಯುವ ತಾಕತ್ತಿಲ್ಲ. ಎರಡೂ ಬೇಕು ಅಂದರೆ ಆಗದು.

ಹಾಗಾದರೆ ನಡುವಿನ ತಲೆ? ಅದನ್ನೂ ನೋಡಿದರು. ಎರಡೂ ಬಗೆಯ ಜೀರುಂಡೆಗಳನ್ನು ಕೂಡಿಸಿ ಮಿಶ್ರ ಸಂತಾನ ಬೆಳೆಸಿದರು. 2013ರಲ್ಲಿ ಬಂದ ಫಲಿತಾಂಶ ನನಗೆ ತುಂಬ ಇಷ್ಟ. ನಡುವಿನ ತಲೆಯವು ಒಡೆಯುವುದರಲ್ಲೂ ಹಿಂದೆ, ನುಗ್ಗುವುದರಲ್ಲೂ ಹಿಂದೆ. ಅತ್ತ ದರಿ ಇತ್ತ ಪುಲಿ ಅನ್ನುವ ಪಾಡು.

ಹಾರಲಾಗದ ಹುಳಕ್ಕೆ ಸಮುದ್ರ ಅಂದರೆ ಲೋಕದ ಕೊನೆ. ಅದಕ್ಕೇ ದ್ವೀಪದಿಂದ ದ್ವೀಪಕ್ಕೆ, ಪ್ರದೇಶದಿಂದ ಪ್ರದೇಶಕ್ಕೆ ಇದರ ರೂಪ ಬದಲಾಗುತ್ತದೆ. ಪಶ್ಚಿಮ ಜಪಾನಿನದು ಪೂರ್ತಿ ಕಪ್ಪು. ಉತ್ತರದ ಹೊಕ್ಕೈಡೊದ್ದಕ್ಕೆ ತಲೆ, ಎದೆ ಲೋಹದ ಹಾಗೆ ಮಿರುಗುತ್ತವೆ. ಒಸಾವಾ ಎಂಬ ವಿಜ್ಞಾನಿ ಮತ್ತು ಸಂಗಡಿಗರು 1990ರ ದಶಕದಲ್ಲಿ ಇವುಗಳ ಡಿಎನ್‌ಎ ಹೋಲಿಸಿದಾಗ ಪೂರ್ವದ್ದು, ಪಶ್ಚಿಮದ್ದು ಎಂದು ಎರಡು ದೊಡ್ಡ ಕವಲು ಸಿಕ್ಕವು. ಜಪಾನ್ ಮೊದಲು ಏಷ್ಯಾ ಖಂಡದ ಅಂಚಿಗೆ ಅಂಟಿಕೊಂಡಿತ್ತು. ಸುಮಾರು 1.5 ಕೋಟಿ ವರ್ಷಗಳ ಹಿಂದೆ ಅದರ ಎರಡು ತುಂಡುಗಳು ಜೋಡಿ ಬಾಗಿಲು ತೆರೆದಂತೆ ಒಂದೊಂದು ದಿಕ್ಕಿಗೆ ತಿರುಗಿ ದೂರವಾದವು. ಜೀರುಂಡೆಯ ಎರಡು ಕವಲು ಒಡೆದದ್ದು ಆಗಲೇ ಎನ್ನುವುದು ಅವರ ವಾದ. ನೆಲ ಬೇರೆಯಾಯಿತು, ಮೇಲಿದ್ದವರೂ ಬೇರೆಯಾದರು.

ಜಪಾನಿನಲ್ಲಿ ಈ ಗುಂಪಿನ ಹುಳಗಳ ಹುಚ್ಚು ದೊಡ್ಡದು. ಪ್ರಸಿದ್ಧ ಕಾಮಿಕ್ಸ್ ಕಲಾವಿದ ಒಸಾಮು ತೆಜುಕಾ ತಮ್ಮ ಕಾವ್ಯನಾಮವನ್ನೇ ಇವುಗಳಿಂದ ಪಡೆದರು. ನೆಲದ ಜೀರುಂಡೆಗೆ ಅಲ್ಲಿ 'ಒಸಾಮುಶಿ' ಎಂದು ಹೆಸರು, 'ಮುಶಿ' ಅಂದರೆ ಹುಳ. ತಮ್ಮ ಹೆಸರಿನ ಬರಹಕ್ಕೆ 'ಹುಳ' ಅನ್ನುವ ಅಕ್ಷರವೊಂದನ್ನು ಅವರು ಸೇರಿಸಿಕೊಂಡರು. ಚಳಿಗಾಲದಲ್ಲಿ ಹವ್ಯಾಸಿಗಳು ಕೊಳೆತ ದಿಮ್ಮಿ, ಮಣ್ಣಿನ ದಿಬ್ಬ ಕೆದಕುತ್ತಾರೆ. ಮೈಮೈಕಬುರಿಗಳು ಅಲ್ಲಿ ಕೆಲವೊಮ್ಮೆ ಗುಂಪಾಗಿ ನಿದ್ದೆ ಮಾಡುತ್ತಿರುತ್ತವೆ. ದಿಮ್ಮಿಯನ್ನು ಕಾಡಿನಿಂದ ಎತ್ತಿ ಸಾಗಿಸಿದರೆ ಇವುಗಳ ಚಳಿಗಾಲದ ಮನೆಯೂ ಹೋಯಿತು.

ಇಷ್ಟೆಲ್ಲ ಓದಿ ಬಸವನಹುಳುವಿನ ಮೇಲೆ ಕನಿಕರ ಬಂದಿರಬಹುದು. ಅದೂ ಸುಮ್ನೆ ಕೂತಿಲ್ಲ. ಹೊಕ್ಕೈಡೊದಲ್ಲಿ ಒಂದಕ್ಕೊಂದು ಹತ್ತಿರದ ನೆಂಟರಾದ ಎರಡು ಬಸವನಹುಳು ಜಾತಿಗಳಿವೆ. ನೆಲದ ಜೀರುಂಡೆ ಮೇಲೆ ಬಿದ್ದಾಗ ಒಂದು ಜಾತಿ ಎಲ್ಲರಂತೆ ಚಿಪ್ಪಿನೊಳಗೆ ಸೇರಿಕೊಳ್ಳುತ್ತದೆ. ಇನ್ನೊಂದು ಒಳಗೆ ಹೋಗುವುದೇ ಇಲ್ಲ. ಮೈಯನ್ನು ಹೊರಗೇ ಇಟ್ಟುಕೊಂಡು, ಚಿಪ್ಪನ್ನು ಗದೆಯ ಹಾಗೆ ಅತ್ತಿತ್ತ ಬೀಸುತ್ತದೆ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ದಾಖಲಿಸಿದೆ. ಆ ಏಟು ಸರಿಯಾಗಿ ಬಿದ್ದರೆ ಟೋಪಿ ತೊಡಲು ಬಂದ ಜೀರುಂಡೆಗೆ ಆ ರಾತ್ರಿ ಉಪವಾಸವೇ.