ಶುರುವಿನ ಹುರುಪು ನಡುದಾರಿಯಲ್ಲಿ ಎಲ್ಲಿ ಹೋಗುತ್ತದೆ?

ಗುರಿ ಇಟ್ಟುಕೊಂಡು ಹೊಸದಾಗಿ ಹೊರಟವರು ಆಪ್ತಸಮಾಲೋಚಕರ ಹತ್ತಿರ ಬರುವುದು ಕಡಿಮೆ. ಮುಗಿಸುವ ಹಂತಕ್ಕೆ ಬಂದವರೂ ಅಷ್ಟೇ, ಅವರಿಗೆ ಪುರುಸೊತ್ತು ಎಲ್ಲಿ? ನಾನು ಜಾಸ್ತಿ ನೋಡುವುದು ನಡುವಿನಲ್ಲಿ ನಿಂತವರನ್ನು. ಪಿಎಚ್.ಡಿ. ಮೂರನೇ ವರ್ಷದಲ್ಲಿ ಇರುವವರು. ಅರ್ಧ ಸಾಲ ತೀರಿಸಿ ಇನ್ನರ್ಧಕ್ಕೆ ಏದುಸಿರು ಬಿಡುತ್ತಿರುವವರು. ಹೊಸ ಭಾಷೆಯಲ್ಲಿ ಹೇಗೋ ಮಾತಾಡಲು ಬಂದರೂ ಎದುರಿನವರು ವೇಗವಾಗಿ ಮಾತಾಡಿದರೆ ತಲೆಗೆ ಹತ್ತದವರು. ಎಲ್ಲರ ಮಾತೂ ಹೆಚ್ಚುಕಡಿಮೆ ಒಂದೇ: "ಮೊದಲು ಎಷ್ಟು ಹುಮ್ಮಸ್ಸಿತ್ತು ಗೊತ್ತಾ ಮೇಡಂ? ಈಗ ಕೂತ್ಕೊಳ್ಳೋಕೇ ಮನಸ್ಸಾಗಲ್ಲ. ನಾನೇ ಸೋಮಾರಿ ಅನ್ಸುತ್ತೆ."

ಸೋಮಾರಿತನ ಅಲ್ಲ ಇದು. ಹಾಗಿದ್ದಿದ್ದರೆ ಅವರು ಅರ್ಧದವರೆಗೂ ಬರುತ್ತಿರಲಿಲ್ಲ.

1930ರ ದಶಕದಲ್ಲಿ ಕ್ಲಾರ್ಕ್ ಹಲ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಇಲಿಗಳನ್ನು ಓಡಿಸಿ ನೋಡಿದ್ದರು. ದಾರಿಯ ಕೊನೆಯಲ್ಲಿಟ್ಟ ತಿನಿಸು ಹತ್ತಿರವಾದಷ್ಟೂ ಇಲಿಯ ವೇಗ ಹೆಚ್ಚುತ್ತಿತ್ತು. ಮನುಷ್ಯರೂ ಏನೂ ಬೇರೆಯಲ್ಲ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕಾರು ತೊಳೆಸಲು ಬಂದ 300 ಜನರಿಗೆ ಕಾರ್ಡು ಕೊಟ್ಟರು. ಒಮ್ಮೆ ತೊಳೆಸಿದರೆ ಒಂದು ಸೀಲು, ಕಾರ್ಡು ತುಂಬಿದರೆ ಮುಂದಿನದು ಉಚಿತ. ಅರ್ಧ ಜನರಿಗೆ ಸಿಕ್ಕಿದ್ದು 8 ಸೀಲಿನ ಖಾಲಿ ಕಾರ್ಡು. ಉಳಿದವರಿಗೆ 10 ಸೀಲಿನದು, ಆದರೆ ಎರಡು ಸೀಲು ಮೊದಲೇ ಒತ್ತಿದ್ದರು. ಲೆಕ್ಕ ಹಾಕಿದರೆ ಇಬ್ಬರೂ ತೊಳೆಸಬೇಕಾದದ್ದು ಎಂಟೇ ಸಲ. ಖಾಲಿ ಕಾರ್ಡಿನವರಲ್ಲಿ ಶೇ. 19 ಮಂದಿ ಪೂರ್ತಿ ಮಾಡಿದರು, ಎರಡು ಸೀಲು ಮೊದಲೇ ಇದ್ದವರಲ್ಲಿ ಶೇ. 34. ಕೆಲಸ ಅಷ್ಟೇ ಇದ್ದರೂ ದೂರ ಎಷ್ಟು ಕಾಣುತ್ತದೆ ಅನ್ನುವುದರ ಮೇಲೆ ಮನಸ್ಸು ನಡೆಯುತ್ತದೆ.

ಈಗ ನೂರು ಪುಟದ ಪ್ರಬಂಧ ಬರೆಯುವವರನ್ನು ನೋಡಿ. ಮೊದಲ ಪುಟದ ಮೇಲೆ ಎರಡನೆಯದು ಬರೆದರೆ ಬರೆದದ್ದು ದುಪ್ಪಟ್ಟಾಯಿತು. ತೊಂಬತ್ತೊಂಬತ್ತರ ಮೇಲೆ ಒಂದು ಬರೆದರೆ ಕೆಲಸವೇ ಮುಗಿಯಿತು. ಐವತ್ತರ ಮೇಲೆ ಒಂದು ಬರೆದರೆ? ಹಿಂದೆ ನೋಡಿದರೂ ರಾಶಿ, ಮುಂದೆ ನೋಡಿದರೂ ರಾಶಿ. ಅದೇ ಒಂದು ಪುಟ, ಅದೇ ಶ್ರಮ, ಆದರೆ ಕಣ್ಣಿಗೆ ಏನೂ ಬದಲಾಗಿಲ್ಲ. ಹುರುಪು ಇಳಿಯದೆ ಇನ್ನೇನಾಗುತ್ತದೆ?

ಇದನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಎಷ್ಟೋ ಜನರ ಮುಖ ಅರ್ಧ ಹಗುರಾಗುತ್ತದೆ. ಆಮೇಲಿನ ಕೆಲಸ ಸುಲಭ. ನಡುದಾರಿಯನ್ನೇ ಚಿಕ್ಕದು ಮಾಡಿಕೊಳ್ಳಬೇಕು. ನೂರು ಪುಟದ ಲೆಕ್ಕ ಬಿಟ್ಟು ಹತ್ತು ಪುಟದ ಒಂದು ಭಾಗ ಹಿಡಿದರೆ ಅದರ ನಡುವು ಎರಡು ಮೂರು ಪುಟದಲ್ಲಿ ದಾಟಿಹೋಗುತ್ತದೆ. ಒಂದು ಭಾಗದ ಅರ್ಧದವರೆಗೆ ಎಷ್ಟು ಆಯಿತು ಅಂತ ಎಣಿಸಿ. ಅರ್ಧ ದಾಟಿದ ಮೇಲೆ ಎಷ್ಟು ಉಳಿದಿದೆ ಅಂತ ಎಣಿಸಿ. ಯಾವ ಕಡೆಯ ಸಂಖ್ಯೆ ಚಿಕ್ಕದೋ ಆ ಕಡೆ ಕಣ್ಣಿಟ್ಟರೆ ಪ್ರತಿ ಹೆಜ್ಜೆಯೂ ದೊಡ್ಡದಾಗಿ ಕಾಣುತ್ತದೆ. ಇದು ಮನಸ್ಸಿಗೆ ಮಾಡುವ ಮೋಸ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಇರಬಹುದು. ಐವತ್ತನೇ ಪುಟದಲ್ಲಿ ಏನೂ ಆಗಿಲ್ಲ ಅನ್ನಿಸುವುದೂ ಮೋಸವೇ.

ಇನ್ನು ಸ್ಫೂರ್ತಿಯ ವಿಡಿಯೋಗಳು. ಅವನ್ನು ನೋಡಬೇಡಿ ಅನ್ನುವುದಿಲ್ಲ. ನೋಡಿದಾಗ ಬರುವ ಬಿಸಿಯನ್ನೇ ಕೆಲಸ ಅಂದುಕೊಳ್ಳಬೇಡಿ, ಅಷ್ಟೇ. ಗೆದ್ದಾಗಿದೆ ಅಂತ ಕಲ್ಪಿಸಿಕೊಂಡು ಸುಮ್ನೆ ಖುಷಿಪಡುವವರಲ್ಲಿ ದುಡಿಯುವ ಚುರುಕು ಇಳಿಯುತ್ತದೆ ಅನ್ನುವುದನ್ನು ಮನಶ್ಶಾಸ್ತ್ರಜ್ಞೆ ಗೇಬ್ರಿಯೆಲ್ ಓಟಿಂಗೆನ್ ತಮ್ಮ ಪ್ರಯೋಗಗಳಲ್ಲಿ ತೋರಿಸಿದ್ದಾರೆ.

ಮನಸ್ಸು ಬರಲಿ ಅಂತ ಕಾಯುವ ಬದಲು ಜಾಗ ಮತ್ತು ಹೊತ್ತು ಗೊತ್ತು ಮಾಡಿಕೊಳ್ಳುವುದು ಎಷ್ಟೋ ಮೇಲು. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ಮತ್ತು ಅವರ ಸಹೋದ್ಯೋಗಿ 1997ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಹೀಗಿದೆ. ಕ್ರಿಸ್‌ಮಸ್ ಮುನ್ನಾದಿನ ಹೇಗೆ ಕಳೆಯಿತು ಅಂತ ಎರಡು ದಿನದೊಳಗೆ ಬರೆದು ಕಳಿಸಬೇಕು ಎಂದು ವಿದ್ಯಾರ್ಥಿಗಳಿಗೆ ಹೇಳಿದರು. ಹಬ್ಬದ ರಜೆ, ಯಾರಿಗೆ ಬೇಕು ಈ ಕೆಲಸ! ಆದರೆ ಎಲ್ಲಿ, ಯಾವಾಗ ಕೂತು ಬರೆಯುತ್ತೇನೆ ಅಂತ ಮೊದಲೇ ತೀರ್ಮಾನಿಸಿದವರಲ್ಲಿ ಕೆಲಸ ಮುಗಿಸಿದವರ ಪ್ರಮಾಣ ಉಳಿದವರಿಗಿಂತ ಎರಡು ಪಟ್ಟಿಗೂ ಜಾಸ್ತಿ. "ದಿನಾ ಓದ್ತೀನಿ" ಅನ್ನುವುದು ಆಸೆ. "ಸಂಜೆ ಮನೆಗೆ ಬಂದು ಬ್ಯಾಗ್ ಇಟ್ಟ ತಕ್ಷಣ ಮೇಜಿನ ಮುಂದೆ ಕೂತು ಎರಡು ಪುಟ" ಅಂದರೆ ಅದು ಏರ್ಪಾಡು. ಎರಡನೆಯದರಲ್ಲಿ ಪ್ರತಿದಿನ ಹೊಸದಾಗಿ ನಿರ್ಧಾರ ಮಾಡುವ ಗೋಜಿಲ್ಲ.

ಒಂದು ದಿನ ತಪ್ಪಿದರೆ? ಜನ ಗುರಿ ಬಿಡುವುದು ಹೆಚ್ಚಾಗಿ ಇಲ್ಲೇ. ಲಂಡನ್ನಿನಲ್ಲಿ ಸಂಶೋಧಕಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರಿಗೆ ಒಂದೊಂದು ಹೊಸ ಅಭ್ಯಾಸ ರೂಢಿ ಮಾಡಿಕೊಳ್ಳಲು ಹೇಳಿ ಗಮನಿಸಿದರು. ಅದು ತಾನಾಗಿ ನಡೆಯುವಷ್ಟು ರೂಢಿಯಾಗಲು ಕೆಲವರಿಗೆ 18 ದಿನ, ಕೆಲವರ ಲೆಕ್ಕ 254 ದಿನದವರೆಗೂ ಹೋಯಿತು. ನಡುವಿನ ಅಂಕಿ 66. 21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಅಂತ ಎಲ್ಲರೂ ಹೇಳುವ ಮಾತನ್ನು ಮರೆತುಬಿಡಿ. ಇದಕ್ಕಿಂತ ನನಗೆ ಮುಖ್ಯ ಅನ್ನಿಸುವುದು ಇನ್ನೊಂದು ಅಂಶ. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೂಡಿಬರುವುದಕ್ಕೆ ಹೇಳಿಕೊಳ್ಳುವಂಥ ತೊಂದರೆ ಆಗಲಿಲ್ಲ.

ತೊಂದರೆ ಮಾಡುವುದು ಆಮೇಲೆ ನಾವು ನಮಗೇ ಹೇಳಿಕೊಳ್ಳುವ ಮಾತು. ಊಟದಲ್ಲಿ ಪಥ್ಯ ಮಾಡುವವರಿಗೆ ಮಿಲ್ಕ್‌ಶೇಕ್ ಕುಡಿಸಿ, ನಂತರ ಐಸ್‌ಕ್ರೀಮ್ ಮುಂದಿಟ್ಟ ಪ್ರಯೋಗ ಒಂದಿದೆ, 1975ರದು. ಹೊಟ್ಟೆ ತುಂಬಿದ ಮೇಲೆ ಕಡಿಮೆ ತಿನ್ನಬೇಕಿತ್ತು. ಪಥ್ಯದವರು ಇನ್ನೂ ಜಾಸ್ತಿ ತಿಂದರು. ಹೇಗೂ ಕೆಟ್ಟಿತಲ್ಲ, ಇನ್ನೇನು ಅಂತ. ಹಾಗಾಗಿ ನನ್ನಲ್ಲಿಗೆ ಬರುವವರಿಗೆ ತಪ್ಪಿದ ದಿನಕ್ಕೂ ಮೊದಲೇ ಒಂದು ಏರ್ಪಾಡು ಮಾಡಿಸುತ್ತೇನೆ. ಮರುದಿನದ ಪಾಲು ಮಾಮೂಲಿಗಿಂತ ಚಿಕ್ಕದಿರಬೇಕು, ನಾಚಿಕೆಯಾಗುವಷ್ಟು ಚಿಕ್ಕದು. ತಪ್ಪಿದ್ದನ್ನೆಲ್ಲ ಸೇರಿಸಿ ಒಂದೇ ದಿನ ತೀರಿಸುತ್ತೇನೆ ಅನ್ನುವ ಹಟ ಬೇಡ. ಆ ಹಟವೇ ಮೂರನೇ ದಿನವನ್ನೂ ನುಂಗುತ್ತದೆ.

ಇಷ್ಟೆಲ್ಲ ಮಾಡಿದರೂ ಕೂತ್ಕೊಳ್ಳಲು ಆಗುತ್ತಿಲ್ಲವೆಂದರೆ ಎರಡು ವಿಷಯ ನೋಡುತ್ತೇನೆ. ಮೊದಲನೆಯದು, ಗುರಿ ಮಾತ್ರವಲ್ಲ, ಊಟ, ನಿದ್ದೆ, ಸ್ನೇಹಿತರು, ಹಿಂದೆ ಖುಷಿ ಕೊಡುತ್ತಿದ್ದ ಎಲ್ಲವೂ ಎರಡು ವಾರದಿಂದ ರುಚಿ ಕಳೆದುಕೊಂಡಿವೆಯೇ? ಹೌದಾದರೆ ಇದು ಗುರಿಯ ಪ್ರಶ್ನೆಯಲ್ಲ. ಖಿನ್ನತೆ ಇರಬಹುದು, ವೈದ್ಯರನ್ನು ಕಾಣಬೇಕು. ಎರಡನೆಯದು, ಈ ಗುರಿ ಯಾರದು? "ಯಾರಿಗೂ ಗೊತ್ತಾಗದ ಹಾಗೆ ಮಾಡಬೇಕಿದ್ದರೂ ಇದನ್ನು ಮಾಡ್ತಿದ್ರಾ?" ಅಂತ ಕೇಳುತ್ತೇನೆ. ಕೆಲವರು ತಕ್ಷಣ ಹೌದು ಅನ್ನುತ್ತಾರೆ. ಕೆಲವರು ತುಂಬ ಹೊತ್ತು ಸುಮ್ಮನಿರುತ್ತಾರೆ.

ಬಿಡುವುದು ಸೋಲೇನಲ್ಲ. ಆದರೆ ನಡುದಾರಿಯ ಬೇಸರದಲ್ಲಿ, ಅದೂ ಕೆಟ್ಟದೊಂದು ದಿನದ ರಾತ್ರಿ ಬಿಡುವ ತೀರ್ಮಾನ ಬೇಡ. ಒಂದು ತಿಂಗಳು ಮುಂದಿನ ಒಂದು ತಾರೀಕು ಗುರುತು ಹಾಕಿ. ಅಲ್ಲಿಯವರೆಗೆ ಆ ಚಿಕ್ಕ ಪಾಲನ್ನು ಮಾತ್ರ ಮಾಡಿ. ಆ ದಿನ ಬಂದಾಗಲೂ ಬಿಡಬೇಕು ಅನ್ನಿಸಿದರೆ ಬಿಡಿ, ಆ ಹೊತ್ತನ್ನು ನಿಮಗೆ ನಿಜವಾಗಿ ಬೇಕಾದದ್ದಕ್ಕೆ ಕೊಡಿ.